ಅಪ್‌ಡೇಟ್: ಲೈಬ್ರರಿ ಪುಸ್ತಕಗಳ ಕ್ಯೂಆರ್ ಕೋಡ್ ಈಗ ಸ್ಕ್ಯಾನ್ ಆಗುತ್ತಿದೆ

ಹೈಸ್ಕೂಲ್ ಲೈಬ್ರರಿಯ ಪುಸ್ತಕಗಳಿಗೆ ವಿದ್ಯಾರ್ಥಿಗಳ ಧ್ವನಿ ಶಿಫಾರಸಿನ ಕ್ಯೂಆರ್ ಅಂಟಿಸಿದರೆ ಹಲವು ಸ್ಕ್ಯಾನ್ ಆಗುತ್ತಿಲ್ಲ, ಏಕೆ ಎಂದು ಹಿಂದೆ ಪ್ರಶ್ನೆ ಕೇಳಿದ್ದೆ. ಮುಖ್ಯ ತೊಂದರೆ ಲಿಂಕ್‌ನೊಳಗಿನ ಕನ್ನಡ ಫೈಲ್ ಹೆಸರು. ಯುಟಿಎಫ್-8ರಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಉಳಿಸುವ ಪದ್ಧತಿ) ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ಲಿಂಕ್‌ಗೆ ಸೇರಿದಾಗ ಪ್ರತಿ ಬೈಟ್ ‘%E0’ ತರಹ 3 ಅಕ್ಷರವಾಗಿ, ಅದೇ 9 ಅಕ್ಷರವಾಗುತ್ತದೆ. ತೇಜಸ್ವಿಯವರ ‘ಕರ್ವಾಲೊ’ ಹೆಸರಿನಲ್ಲಿ ಒತ್ತು, ಗುಣಿತ ಸೇರಿ 7 ಸಂಕೇತ, ಅಂದರೆ ಲಿಂಕ್‌ನಲ್ಲಿ 63 ಅಕ್ಷರ! ಲಿಂಕ್ ಉದ್ದವಾದಷ್ಟೂ ಕೋಡ್‌ನೊಳಗಿನ ಚೌಕಗಳು ಸಣ್ಣದಾಗಿ, ಅಗ್ಗದ ಕ್ಯಾಮೆರಾಗೆ ಕಾಣುವುದಿಲ್ಲ. ಫೈಲ್‌ಗೆ ಪುಸ್ತಕದ ದಾಖಲೆ ಸಂಖ್ಯೆಯನ್ನೇ ಹೆಸರಾಗಿಟ್ಟರೆ ಸಾಕು.

ಕೋಡ್ 2.5 ಸೆಂ.ಮೀ. ಇರಲಿ, ಸುತ್ತ 4 ಚೌಕದಷ್ಟು ಬಿಳಿ ಅಂಚು ಬಿಡಿ. ಹೊಳೆಯುವ ಟೇಪ್ ಬೇಡ, ಟ್ಯೂಬ್‌ಲೈಟ್ ಪ್ರತಿಫಲಿಸುತ್ತದೆ. ಮ್ಯಾಟ್ ಟೇಪ್ ಹಾಕಿ. ಬೆನ್ನಿನ ತಿರುವಿನ ಮೇಲಂತೂ ಅಂಟಿಸಲೇಬೇಡಿ. ಶಾಲೆಯ ಖಾತೆಯ ಡ್ರೈವ್‌ನಲ್ಲಿ ಹಂಚಿಕೆ ಸಂಸ್ಥೆಯೊಳಗೆ ಮಾತ್ರ ಎಂದಿದ್ದರೆ ಹೊರಗಿನವರಿಗೆ ಲಾಗಿನ್ ಪುಟ ತೆರೆಯುತ್ತದೆ, ಇದನ್ನೂ ನೋಡಿಕೊಳ್ಳಿ. ಫೋನ್ ನಿಷೇಧವಿದ್ದರೆ ಕೌಂಟರ್ ಬಳಿ ಒಂದು ಟ್ಯಾಬ್, ಹೆಡ್‌ಫೋನ್ ಸಾಕು.

ಧ್ವನಿ 45 ಸೆಕೆಂಡ್ ದಾಟದಿರಲಿ. ಮಾತನಾಡುವವರ ಹೆಸರು, ತರಗತಿ ಬೇಡ. ‘ತುಂಬಾ ಚೆನ್ನಾಗಿದೆ’ ಎನ್ನುವ ರೆಕಾರ್ಡಿಂಗ್ ದಂಡ. ‘ಕರ್ವಾಲೊ’ಗೆ ‘ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೊರಡುತ್ತಾರೆ’ ಎಂದರೆ ಒಂಬತ್ತನೆಯವರು ಪುಸ್ತಕ ಎತ್ತಿಕೊಳ್ಳುತ್ತಾರೆ. ಓತಿ ಸಿಕ್ಕಿತೋ ಇಲ್ಲವೋ ಮಾತ್ರ ಹೇಳಿಸಬೇಡಿ.