ಪದ ಬೇಕು: 'ಫಂಗಲ್ ಇನ್ಫೆಕ್ಷನ್'ಗೆ ಫ್ಲೆಕ್ಸ್ ಮೇಲೆ ಏನು ಬರೆಯೋಣ?

ಎಲ್ಲರಿಗೂ ನಮಸ್ಕಾರ. ಒಂದು ಪದ ಅರ್ಜೆಂಟಾಗಿ ಬೇಕು. ಭಾನುವಾರ ಮಂಡ್ಯ ಹತ್ತಿರದ ನಮ್ಮೂರಲ್ಲಿ ಚರ್ಮರೋಗ ತಪಾಸಣೆ ಇದೆ. ಫ್ಲೆಕ್ಸ್‌ನವನಿಗೆ ನಾಳೆ ಬೆಳಿಗ್ಗೆ ಮ್ಯಾಟರ್ ಕೊಡಬೇಕು. 'ಶಿಲೀಂಧ್ರ ಸೋಂಕು' ಅಂತ ಬರೆದು ನಮ್ಮತ್ತೆಗೆ ತೋರಿಸಿದೆ. ಅವರಿಗೆ ಸೊಂಟದಲ್ಲಿ, ಸೀರೆ ಬಿಗಿಯೋ ಜಾಗದಲ್ಲೇ, ಬಳೆಯಗಲದ ಎರಡು ಉಂಗುರ ಎದ್ದಿವೆ. ಅಂಚು ಕೆಂಪು, ಮೇಲೆ ಸಣ್ಣ ಹೊಟ್ಟು. "ಇದು ನಂಗಿಲ್ಲ ಬಿಡವ್ವ, ನಂಗಿರೋದು ಹುಳುಕಡ್ಡಿ" ಅಂದರು. ಹುಳುಕಡ್ಡಿ ಅಂತ ಹಾಕಿದರೆ ಜನ ಹುಳ ಅಂದುಕೊಳ್ತಾರೆ ಅನ್ನೋದು ಡಾಕ್ಟರ ತಕರಾರು. ಏನು ಮಾಡಲಿ?

— ಮಂಡ್ಯದಿಂದ

ಬೂಷ್ಟು. ಇಷ್ಟಕ್ಕೆ ಚರ್ಚೆ ಯಾಕೆ? ತಮಿಳರು ಪಾಠದ ಪುಸ್ತಕದಲ್ಲೇ 'ಪೂಂಜೈ' ಅಂತ ಬರೀತಾರೆ, ನಮ್ಮ ಬೂಷ್ಟಿನ ನಂಟಿನ ಪದವೇ. ನಾವು ಮಾತ್ರ ಶಿಲೆಗೆ ರಂಧ್ರ ಕೊರೆದು ಕೂತಿದ್ದೇವೆ. 'ಬೂಷ್ಟು ಬೇನೆ' ಅಂತ ಹಾಕಿ.

— ಕುವೆಂಪುನಗರ, ಮೈಸೂರು

ರಂಧ್ರ ಎಲ್ಲಿ ಕಂಡಿತು ಸ್ವಾಮಿ? ರಂಧ್ರ ಇದ್ದಿದ್ದರೆ 'ಶಿಲಾರಂಧ್ರ' ಆಗಬೇಕಿತ್ತು. ಶಿಲೀಂಧ್ರ ಅಂದರೆ ಅಣಬೆ. ಮೇಘದೂತದಲ್ಲೇ ಇದೆ: ಮೋಡ ಗುಡುಗಿದರೆ ನೆಲ 'ಉಚ್ಛಿಲೀಂಧ್ರ' ಆಗುತ್ತೆ, ಅಣಬೆ ಏಳುತ್ತೆ. ನಮ್ಮ ಹಳ್ಳಿಯವರೂ ಗುಡುಗಿಗೇ ಅಣಬೆ ಏಳೋದು ಅಂತಾರೆ, ಅಲ್ವಾ? ಪದ ಸರಿಯಾಗೇ ಇದೆ. ಬೂಷ್ಟು ಉಪ್ಪಿನಕಾಯಿ ಜಾಡಿಗೆ ಇರಲಿ. ಅತ್ತೆ ಮೈಗೆ ಬೂಷ್ಟು ಹಿಡಿದಿದೆ ಅಂತ ಸೊಸೆ ಫ್ಲೆಕ್ಸ್ ಹಾಕಿಸಿದರೆ ಆ ಮನೇಲಿ ಅನ್ನ ಬೇಯುತ್ತಾ?

— ಸರಸ್ವತಿಪುರಂ, ಮೈಸೂರು

ನಾನು ಗೊಬ್ಬರ, ಔಷಧಿ ಅಂಗಡಿಯವನು. ಭತ್ತದ ಬೆಂಕಿ ರೋಗ, ಕಬ್ಬಿನ ಕಾಡಿಗೆ ರೋಗ ಎರಡೂ ಫಂಗಸ್ಸೇ. ಡಬ್ಬಿ ಮೇಲೆ ಶಿಲೀಂಧ್ರನಾಶಕ ಅಂತಿರುತ್ತೆ, ಯಾರೂ ಹಾಗೆ ಕೇಳಲ್ಲ. 'ಬೆಂಕಿ ರೋಗಕ್ಕೆ ಕೊಡಿ' ಅಂತಾರೆ. ಕಂಡ ಹಾಗೆ ಹೆಸರಿಡೋದು ನಮ್ಮ ಕ್ರಮ. 2021ರಲ್ಲಿ ಪೇಪರಿನವರು 'ಕಪ್ಪು ಶಿಲೀಂಧ್ರ' ಅಂದರು, ಜನ ಬ್ಲ್ಯಾಕ್ ಫಂಗಸ್ ಅಂದರು. ಫಂಗಸ್ ಅಂತಲೇ ಬರೆಯಿರಿ.

— ಮದ್ದೂರು

ಬರೆಯಿರಿ! ನಾಳೆ ಚರ್ಮವೂ ಸ್ಕಿನ್ ಆಗಲಿ.

— ಕುವೆಂಪುನಗರ

ಚರ್ಮ ಯಾವಾಗಿಂದ ಅಚ್ಚಗನ್ನಡ ಆಯ್ತು? ತೊಗಲು ಅನ್ನಿ.

— ಸರಸ್ವತಿಪುರಂ

ಇಬ್ಬರೂ ಸುಮ್ನಿರಿ. ಬ್ಲ್ಯಾಕ್ ಫಂಗಸ್‌ನಲ್ಲಿ ಕಪ್ಪಾಗೋದು ಫಂಗಸ್ ಅಲ್ಲ, ರಕ್ತ ನಿಂತು ಸತ್ತ ಮಾಂಸ. ಕಂಡ ಹಾಗೆ ಹೆಸರಿಟ್ಟರೆ ಹೀಗೂ ಆಗುತ್ತೆ. ಆದರೂ ಹೆಡ್ಡಿಂಗು 'ಹುಳುಕಡ್ಡಿ' ಅಂತಲೇ ಇರಲಿ, ಅತ್ತೆ ಹೇಳಿದ್ದೇ ಸರಿ. ಅದರ ಕೆಳಗೆ ಜಾಸ್ತಿ ಗಮನ ಕೊಡಿ: 'ಇದು ಹುಳದಿಂದ ಬರಲ್ಲ, ಬೂಷ್ಟಿನ ಜಾತಿಯ ಫಂಗಸ್‌ನಿಂದ ಬರುತ್ತೆ.' ಅದು ಚರ್ಮದ ಮೇಲಿನ ಸತ್ತ ಪದರದ ಕೆರಾಟಿನ್ ಅನ್ನೋ ಪ್ರೋಟೀನ್ ತಿಂದು ಬದುಕುತ್ತೆ. ಬ್ಯಾಕ್ಟೀರಿಯಾಕ್ಕೆ ಕೊಡೋ ಆಂಟಿಬಯಾಟಿಕ್ ಇದಕ್ಕೆ ನಾಟಲ್ಲ. ನಮ್ಮ ಜೀವಕೋಶದ ಪೊರೆಯಲ್ಲಿ ಕೊಲೆಸ್ಟರಾಲ್ ಇದ್ದರೆ ಫಂಗಸ್‌ನ ಪೊರೆಯಲ್ಲಿ ಎರ್ಗೋಸ್ಟೆರಾಲ್. ಟರ್ಬಿನಾಫಿನ್, ಇಟ್ರಾಕೊನಜೋಲ್ ಅನ್ನೋ ಫಂಗಸ್ ಔಷಧಿಗಳು ತಡೆಯೋದು ಆ ಎರ್ಗೋಸ್ಟೆರಾಲ್ ತಯಾರಿಯನ್ನೇ. ಇಷ್ಟೆಲ್ಲ ಫ್ಲೆಕ್ಸ್‌ಗೆ ಬೇಡ. ಆದರೆ ಇದನ್ನು ದಪ್ಪಕ್ಷರದಲ್ಲಿ ಹಾಕಿ: 'ಸ್ಟೀರಾಯ್ಡ್ ಬೆರೆತ ಮುಲಾಮು ನೀವೇ ಕೊಂಡು ಹಚ್ಚಬೇಡಿ.' ತುರಿಕೆ, ಕೆಂಪು ಇಳಿಯುತ್ತೆ, ಫಂಗಸ್ ಮಾತ್ರ ಆರಾಮಾಗಿ ಹರಡುತ್ತೆ.

— ಮೈಸೂರು, ಲ್ಯಾಬಿನಲ್ಲಿ ಕೆಲಸ

ತುಂಬಾ ಉಪಕಾರ. ಹುಳುಕಡ್ಡಿ ಅಂತಲೇ ಕಳಿಸಿದೆ. ಇನ್ನೊಂದೇ ಪದ. ಟರ್ಬಿನಾಫಿನ್‌ಗೆ ಬಗ್ಗದ ಜಾತಿಯೂ ಈಗ ಇದೆಯಂತೆ, 2020ರಲ್ಲಿ ಟ್ರೈಕೋಫೈಟಾನ್ ಇಂಡೋಟೀನಿಯೆ ಅಂತ ಹೆಸರಿಟ್ಟಿದ್ದಾರಂತೆ. ಆ 'ರೆಸಿಸ್ಟೆಂಟ್'ಗೆ ಏನನ್ನೋಣ?

— ಮಂಡ್ಯದಿಂದ

ಔಷಧ ಪ್ರತಿರೋಧಿ.

— ಸರಸ್ವತಿಪುರಂ

ಮೊಂಡು.

— ಕುವೆಂಪುನಗರ

'ಮೊಂಡು ಹುಳುಕಡ್ಡಿ'ಯೇ ಚೆನ್ನಾಗಿದೆ ಅಂತ ಸೇರಿಸಿದೆ. ಅತ್ತೆ ಪ್ರೂಫ್ ಓದಿ, "ಮೊಂಡು ಅಂತ ಯಾರಿಗೆ ಬರ್ದಿದ್ದೀಯ?" ಅಂತ ಕೇಳ್ತಿದ್ದಾರೆ.

— ಮಂಡ್ಯದಿಂದ