ಮಾತು ಕಡಿಮೆ ಎನ್ನುವ ಕೂಸಿಗೆ ಚಿಕ್ಕಿಯ ಉತ್ತರ

ಕೂಸೇ, ಇದನ್ನೆಲ್ಲ ಒತ್ತುತ್ತ ಕುಳಿತರೆ ಸಂಜೆಯಾಗುತ್ತದೆ, ಅದಕ್ಕೇ ಮಾತಿನಲ್ಲಿ ಕಳಿಸುತ್ತಿದ್ದೇನೆ. ಹಿಂದೆ ಕೇಳುತ್ತಿರುವುದು ಶಿರಸಿಯ ಮಳೆ, ಸಹಿಸಿಕೊ.

ಹುಬ್ಬಳ್ಳಿಯಲ್ಲಿ ಬ್ಯಾಂಕೊಂದರ ಗ್ರಾಹಕ ಸೇವಾ ಕೇಂದ್ರದಲ್ಲಿ ಕೆಲಸಕ್ಕೆ ಸಂದರ್ಶನದ ಪತ್ರ ಬಂದಿದೆ, ನಾನು ಮಾತು ಕಡಿಮೆಯವಳು, ನನಗೆ ಹೊಂದುತ್ತದೆಯೇ ಎಂದು ನೀನು ನಿನ್ನೆ ಮನೆಯವರ ಗುಂಪಿನಲ್ಲಿ ಕೇಳಿದ್ದೆ. ದೊಡ್ಡಪ್ಪ "ಅದು ಬಾಯಿ ಜೋರಿದ್ದವರ ಕೆಲಸ" ಎಂದರು. ಕುಮಟಾದ ಭಾವ "ಹಲೋ ಎನ್ನುವುದಕ್ಕೆ ಇಷ್ಟು ಯೋಚನೆಯೇ" ಎಂದ. ಇಬ್ಬರೂ ಹಿರಿಯರು, ಎದುರಾಡುತ್ತೇನೆ ಎಂದುಕೊಳ್ಳಬಾರದು, ಆದರೆ ಊರಿಗೆ ಬರುವ ತನಕ ಬೆಂಗಳೂರಿನಲ್ಲಿ ಅದೇ ಹೆಡ್‌ಫೋನ್ ಹಾಕಿಕೊಂಡಿದ್ದವಳು ನಾನು.

ಮಾತುಗಾರರು ಅಲ್ಲಿ ಮೊದಲು ಸೋಲುತ್ತಾರೆ. ಪ್ರತಿ ಕರೆಗೆ ಎಷ್ಟು ನಿಮಿಷ ಹಿಡಿಯಿತು ಎಂಬುದರ ಲೆಕ್ಕ ಪರದೆಯ ಮೇಲೆ ಓಡುತ್ತಿರುತ್ತದೆ, ಕರೆ ಧ್ವನಿಮುದ್ರಣವಾಗುತ್ತದೆ, ಆಮೇಲೆ ಯಾರೋ ಕೇಳಿ ಅಂಕ ಹಾಕುತ್ತಾರೆ. ಅದಕ್ಕಿಂತ ಅಪಾಯದವರು ಇನ್ನೊಂದು ಬಗೆಯವರು: ಎಲ್ಲರಿಂದಲೂ ಒಳ್ಳೆಯವರು ಎನ್ನಿಸಿಕೊಳ್ಳಬೇಕು ಎಂಬ ಆಸೆಯವರು. ಒಂದು ಉದಾಹರಣೆ ಹೇಳುತ್ತೇನೆ. ಎಟಿಎಂನಲ್ಲಿ ನೋಟು ಬರಲಿಲ್ಲ, ಖಾತೆಯಿಂದ ಹತ್ತು ಸಾವಿರ ಹೋಗಿದೆ, ಆಸ್ಪತ್ರೆಯಲ್ಲಿ ಕಟ್ಟಬೇಕು ಎಂದು ಒಬ್ಬರು ಕೂಗಾಡುತ್ತಾರೆ. ಹೊಸ ಹುಡುಗ ಕರಗಿಹೋಗಿ "ಚಿಂತೆ ಬೇಡ ಸರ್, ಸಂಜೆಯೊಳಗೆ ಬರುತ್ತದೆ" ಎಂದುಬಿಡುತ್ತಾನೆ. ಅವರು ಸಾವಿರ ಧನ್ಯವಾದ ಹೇಳಿ ಫೋನ್ ಇಡುತ್ತಾರೆ. ಸಂಜೆ ದುಡ್ಡು ಬರುವುದಿಲ್ಲ. ಮರುದಿನದ ಬೈಗುಳ ಪಕ್ಕದ ಕುರ್ಚಿಯವಳ ಪಾಲಿಗೆ.

ನಿಜವಾಗಿ ಹೇಳಬೇಕಾದದ್ದು ಬೇರೆ. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ಅಂಥ ಹಣವನ್ನು ಬ್ಯಾಂಕ್ ತಾನಾಗಿಯೇ 5 ದಿನದೊಳಗೆ ಖಾತೆಗೆ ಮರಳಿಸಬೇಕು, ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ದೂರು ಕೊಟ್ಟು 30 ದಿನವಾದರೂ ಉತ್ತರವಿಲ್ಲದಿದ್ದರೆ ಓಂಬುಡ್ಸ್‌ಮನ್ ಬಳಿ, ಅಂದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಅಧಿಕಾರಿಯ ಬಳಿ, ಹೋಗಬಹುದು. ಆಸ್ಪತ್ರೆಯ ಬಾಗಿಲಲ್ಲಿ ನಿಂತವರಿಗೆ "ಐದು ದಿನ" ಎನ್ನುವುದಿದೆಯಲ್ಲ, ಅದು ಗಂಟಲಿನಿಂದ ಹೊರಡದ ಮಾತು. ಅದನ್ನೇ ಮೆತ್ತಗೆ ಹೇಳಿ, ಯಾವ ಎಟಿಎಂ, ಎಷ್ಟು ಹೊತ್ತಿಗೆ ಎಂದು ಕೇಳಿ ಬರೆದುಕೊಂಡು, ದೂರಿನ ಸಂಖ್ಯೆಯನ್ನು ಎರಡು ಸಲ ಓದಿ ಹೇಳಬೇಕು. ನಿಯಮ ನೀನು ಮಾಡಿದ್ದಲ್ಲ, ಬೈಗುಳ ಮಾತ್ರ ನಿನಗೆ. ಅಡಿಕೆ ದರ ಬಿದ್ದ ದಿನ ತೂಕ ಬರೆಯುವ ಗುಮಾಸ್ತನಿಗೆ ಬೀಳುವ ಹಾಗೆ.

ಇದು ನಿನಗೆ ಬರುತ್ತದೆ ಎಂದು ನನಗೆ ಧೈರ್ಯವಿದೆ. ನಿಮ್ಮ ಅಣ್ಣನ ಮದುವೆಯಲ್ಲಿ ಸ್ನಾನಕ್ಕೆ ಬಿಸಿನೀರಿಲ್ಲ ಎಂದು ಸಿದ್ದಾಪುರದ ಮಾವ ರಂಪ ಮಾಡಿದಾಗ ಎಲ್ಲರೂ "ಬಂತು, ಈಗ ಬಂತು" ಎನ್ನುತ್ತ ತಪ್ಪಿಸಿಕೊಂಡರು. ನೀನೊಬ್ಬಳೇ ಹಂಡೆ ನೋಡಿ ಬಂದು "ಇನ್ನೂ ಅರ್ಧ ಗಂಟೆ ಆಗುತ್ತದೆ ಮಾವ, ಅಷ್ಟರಲ್ಲಿ ಕಷಾಯ ಕುಡಿಯಿರಿ" ಎಂದೆ. ಮಾವ ತಣ್ಣಗಾದರು.

ನನಗೆ ಅನುಮಾನವಿರುವುದು ಬೇರೆ ಕಡೆ. ಯಾರಾದರೂ ಒಂದು ಮಾತು ಅಂದರೆ ನೀನು ರಾತ್ರಿಯಿಡೀ ಮಗ್ಗುಲು ಬದಲಿಸುತ್ತೀಯೆ ಎಂದು ನಿಮ್ಮ ಆಯಿ ಹೇಳುತ್ತಿರುತ್ತಾಳೆ. ಅಲ್ಲಿ ಬೈಗುಳಕ್ಕೂ ಮುಂದಿನ ಕರೆಗೂ ನಡುವೆ ನೀರು ಕುಡಿಯುವಷ್ಟೂ ಬಿಡುವಿರುವುದಿಲ್ಲ. ಬೈದದ್ದನ್ನು ಮನೆಗೆ ಹೊತ್ತು ತರುವವರು ಆರು ತಿಂಗಳೂ ನಿಲ್ಲಲಾರರು. ಈ ಪ್ರಶ್ನೆಗೆ ನೀನೇ ಉತ್ತರ ಹುಡುಕಬೇಕು, ಗುಂಪಿನವರಲ್ಲ.

ಈ ಮಳೆಯಲ್ಲಿ ಕರೆಂಟು ಹೇಗೂ ಹೋಗುತ್ತದೆ. ಆಗ ಕರೆಂಟಿನ ದೂರಿನ ನಂಬರ್ 1912ಕ್ಕೆ ಅಪ್ಪಯ್ಯನ ಬದಲು ನೀನು ಕರೆ ಮಾಡು. ಆ ಕಡೆಯವರು ಕರೆಂಟು ಬಿಲ್ಲಿನ ಮೇಲಿರುವ ಆರ್.ಆರ್. ನಂಬರ್ ಕೇಳಿದರೋ, ಊರು ಕೇಳಿದರೋ, ಯಾವುದನ್ನು ಮೊದಲು ಕೇಳಿದರು, ನೀನು ಸಿಡುಕಿದಾಗ ಅವರ ದನಿ ಏನಾಯಿತು, ಗಮನಿಸು. ಸಿಡುಕುವುದು ಸ್ವಲ್ಪವೇ ಸಾಕು, ಪಾಪ.

ಸಂದರ್ಶನದಲ್ಲಿ ಒಂದನ್ನು ತಪ್ಪದೆ ಕೇಳು: ಗ್ರಾಹಕರು ನಮಗೆ ಕರೆ ಮಾಡುತ್ತಾರೆಯೋ, ನಾವೇ ಅವರಿಗೆ ಮಾಡಬೇಕೋ? ನಾವೇ ಮಾಡುವುದಾದರೆ ಬೋರ್ಡಿನ ಮೇಲೆ ಸೇವೆ ಎಂದಿದ್ದರೂ ಅದು ಸಾಲ ಮಾರುವ ಕೆಲಸ, ಇಲ್ಲವೇ ಕಂತು ವಸೂಲಿ. ಅದು ನಿನ್ನದಲ್ಲ. ರಾತ್ರಿ ಪಾಳಿ ಇದ್ದರೆ ಮನೆ ಬಾಗಿಲಿಗೆ ವಾಹನವೋ, ಮುಖ್ಯ ರಸ್ತೆಯ ತನಕವೋ ಎಂಬುದನ್ನೂ ಕೇಳು. ನಿನಗೆ ಕೊಂಕಣಿ ಬರುತ್ತದೆ, ಹಿಂದಿ ಬರುತ್ತದೆ, ಕಾರವಾರದಲ್ಲಿ ಓದಿದ್ದಕ್ಕೆ ಮರಾಠಿಯೂ ತಿಳಿಯುತ್ತದೆ. ಅದನ್ನು ಅರ್ಜಿಯ ಕೊನೆಯ ಸಾಲಿನಲ್ಲಿ ಅಡಗಿಸಿಡಬೇಡ, ಹೆಚ್ಚು ಭಾಷೆಗೆ ಹೆಚ್ಚು ಸಂಬಳ ಇದೆಯೇ ಎಂದೇ ಕೇಳು.

ಅವರು ಕಳಿಸಿದ ಪತ್ರದ ಫೋಟೋ ನನಗೊಬ್ಬಳಿಗೇ ಕಳಿಸು, ಗುಂಪಿಗೆ ಹಾಕಬೇಡ. ಸಂಬಳದ ಸಾಲು ಕಂಡರೆ ಭಾವ ಇನ್ನೊಂದು ಭಾಷಣ ಶುರು ಮಾಡುತ್ತಾನೆ.