ಹಳೇ ಸೈನ್ಸ್ ಫಿಕ್ಷನ್ ಪುಸ್ತಕಗಳ ಒಳ್ಳೆ ಪ್ರತಿ ಮುಂಬೈಯಲ್ಲಿ ಎಲ್ಲಿ ಸಿಗುತ್ತದೆ?

ಪ್ರಶ್ನೆ, ಠಾಣೆಯಿಂದ:
ಅಸಿಮೊವ್, ಕ್ಲಾರ್ಕ್, ಲೆಮ್ ಓದುವ ಹುಚ್ಚು ಹತ್ತಿದೆ. ಇನ್ನೂ ಹಿಂದಿನ ವೆರ್ನ್, ವೆಲ್ಸ್ ಕೂಡ ಬೇಕು. ಆನ್‌ಲೈನಲ್ಲಿ ತರಿಸಿದ ವೆರ್ನ್ ಪುಸ್ತಕದ ತುಂಬ ಅಕ್ಷರತಪ್ಪು, ಸಾಲಿನ ನಡುವೆ ಪುಟಸಂಖ್ಯೆ ನುಸುಳಿದೆ. ನೆಮ್ಮದಿಯಾಗಿ ಓದುವಂಥ ಪ್ರತಿ ಎಲ್ಲಿ ಹುಡುಕಲಿ? ಕನ್ನಡದ ಹಳೇ ವೈಜ್ಞಾನಿಕ ಕತೆಗಳು ಸಿಕ್ಕರೆ ಇನ್ನೂ ಖುಷಿ.

ಮಾಟುಂಗಾದಿಂದ:
ಹಳೇ ಪುಸ್ತಕ ಮಾರುವ ಕಿಂಗ್ಸ್ ಸರ್ಕಲ್ ಫುಟ್‌ಪಾತ್ ನಮ್ಮ ಮನೆ ಹತ್ತಿರವೇ. ಆದರೆ ಅಲ್ಲಿ ಎಂಜಿನಿಯರಿಂಗ್ ಪಠ್ಯಗಳೇ ಜಾಸ್ತಿ. ಈ ಕೆಲಸಕ್ಕೆ ಫ್ಲೋರಾ ಫೌಂಟನ್ ಸುತ್ತಮುತ್ತ ವಾಸಿ. ಎದುರಿಗೆ ಪೇರಿಸಿಟ್ಟ ಹೊಳೆಯುವ ಪುಸ್ತಕಗಳನ್ನು ಬಿಡಿ, ಅದರಲ್ಲಿ ನಕಲಿ ಬಹಳ. ಮುಖಪುಟದ ಬಣ್ಣ ಕಲಸಿದಂತಿದ್ದರೆ, ಒಳಗಿನ ಸಾಲು ಓರೆಯಾಗಿದ್ದರೆ ಅದು ಫೋಟೋ ತೆಗೆದು ಅಚ್ಚು ಹಾಕಿದ ಮಾಲು. ಹಿಂದಿನ ಸಾಲಲ್ಲಿ ಬೆನ್ನು ಮಾತ್ರ ಕಾಣುವ ಸಣ್ಣ ಪೇಪರ್‌ಬ್ಯಾಕ್‌ಗಳನ್ನು ಎಳೆದು ನೋಡಿ.

ನಮ್ಮಲ್ಲಿ ಅಮೆರಿಕದ ಮುದ್ರಣಕ್ಕಿಂತ ಬ್ರಿಟನ್ನಿನದೇ ಹೆಚ್ಚು ಸಿಗುತ್ತದೆ. ಪ್ಯಾಂಥರ್, ಕೊರ್ಗಿ, ಪ್ಯಾನ್, ಪೆಂಗ್ವಿನ್. ಬ್ರಿಟಿಷ್ ಪ್ರಕಾಶಕರಿಗೆ ಭಾರತ ಹಳೇ ಮಾರುಕಟ್ಟೆ, ಅದಕ್ಕೆ. ಪುಸ್ತಕದ ವಯಸ್ಸು ತಿಳಿಯಲು ಬೆಲೆ ನೋಡಿ. ಬರೀ ಶಿಲ್ಲಿಂಗ್‌ನಲ್ಲಿದ್ದರೆ 1971ಕ್ಕಿಂತ ಹಿಂದಿನದು, ಆ ವರ್ಷ ಫೆಬ್ರವರಿಯಲ್ಲಿ ಬ್ರಿಟನ್ ದಶಮಾಂಶ ನಾಣ್ಯಕ್ಕೆ ಬದಲಾಯಿತು. ಶಿಲ್ಲಿಂಗ್ ಬೆಲೆ, ಹೊಸ ದಶಮಾಂಶ ಪೆನ್ಸ್ ಬೆಲೆ ಎರಡೂ ಅಚ್ಚಾಗಿದ್ದರೆ ಆ ಬದಲಾವಣೆಯ ಆಸುಪಾಸಿನದು. ಹಿಂಬದಿಯಲ್ಲಿ ಬಾರ್‌ಕೋಡ್ ಇದ್ದರೆ ಅಷ್ಟೇನೂ ಹಳೆಯದಲ್ಲ, ಅಂಗಡಿಯವ ಏನೇ ಹೇಳಲಿ.

ಪುಣೆಯಿಂದ:
ವಯಸ್ಸು ಇರಲಿ, ಒಳಗಿನ ಪಠ್ಯ ಯಾವುದು ಅಂತ ಮೊದಲು ನೋಡಬೇಕು ಅಲ್ವಾ? ವೆರ್ನ್‌ನ ಸಬ್‌ಮರೀನ್ ಕಾದಂಬರಿ, ಅದೇ ಇಪ್ಪತ್ತು ಸಾವಿರ ಲೀಗಿನದು, ಅದರ ಮೊದಲ ಇಂಗ್ಲಿಷ್ ಅನುವಾದ 1870ರ ದಶಕದ ಶುರುವಿನಲ್ಲಿ ಬಂತು. ಮಾಡಿದವರು ಲೂಯಿಸ್ ಮರ್ಸಿಯರ್. ಮೂಲದ ಸುಮಾರು ಐದನೇ ಒಂದು ಭಾಗ ಅದರಲ್ಲಿಲ್ಲ. ಉಳಿದದ್ದರಲ್ಲೂ ತಪ್ಪುಗಳು. ಕಾಪಿರೈಟ್ ಮುಗಿದಿರುವುದರಿಂದ ಅಗ್ಗದ ಪ್ರತಿಗಳಲ್ಲಿ ಬಹಳಷ್ಟು ಅದನ್ನೇ ಅಚ್ಚು ಹಾಕುತ್ತವೆ. ಪತ್ತೆ ಸುಲಭ. ಎರಡನೇ ಅಧ್ಯಾಯದ ಶುರುವಿನಲ್ಲಿ ನೆಬ್ರಾಸ್ಕವನ್ನು ‘ಡಿಸಗ್ರೀಯಬಲ್ ಟೆರಿಟರಿ’ ಅಂದಿದ್ದರೆ ಅದು ಮರ್ಸಿಯರ್‌ದು. ಮೂಲದಲ್ಲಿರುವುದು ಬ್ಯಾಡ್‌ಲ್ಯಾಂಡ್ಸ್ ಅನ್ನುವ ಬಂಜರು ನೆಲದ ಮಾತು! ಆಕ್ಸ್‌ಫರ್ಡ್ ವರ್ಲ್ಡ್ಸ್ ಕ್ಲಾಸಿಕ್ಸ್‌ನಲ್ಲಿ ವಿಲಿಯಂ ಬುಚರ್ ಮಾಡಿದ ಅನುವಾದವಿದೆ, ಅದನ್ನು ಹುಡುಕಿ. ಸೆಕೆಂಡ್ ಹ್ಯಾಂಡಾದರೂ ಪರವಾಗಿಲ್ಲ.

ಲೆಮ್ ವಿಷಯ ಬೇಜಾರಿನದು. ‘ಸೊಲಾರಿಸ್’ ಪೋಲಿಷ್ ಕಾದಂಬರಿ. 1970ರ ಇಂಗ್ಲಿಷ್ ಆವೃತ್ತಿ ಫ್ರೆಂಚಿನಿಂದ ಮಾಡಿದ್ದು. ಫುಟ್‌ಪಾತಲ್ಲಿ ಸಿಗುವುದು ಸಾಮಾನ್ಯವಾಗಿ ಅದೇ. ಪೋಲಿಷಿನಿಂದ ನೇರವಾಗಿ ಬಿಲ್ ಜಾನ್‌ಸ್ಟನ್ ಮಾಡಿದ ಅನುವಾದ ಬಂದದ್ದು 2011ರಲ್ಲಿ, ಆಡಿಯೋ ಮತ್ತು ಇ-ಬುಕ್ ರೂಪದಲ್ಲಿ. ನಾನಾದರೆ ಇದೊಂದನ್ನು ಕಿಂಡಲ್‌ನಲ್ಲೇ ಓದುತ್ತೇನೆ.

‘ಫ್ಯಾರನ್‌ಹೀಟ್ 451’ ತಗೊಳ್ಳುವಾಗಲೂ ಹುಷಾರು. 1967ರಲ್ಲಿ ಬ್ಯಾಲಂಟೈನ್‌ನವರು ಶಾಲೆಗಳಿಗೆಂದು ಬಯ್ಗುಳ ಗಿಯ್ಗುಳ ತೆಗೆದ ಆವೃತ್ತಿ ತಂದರು. ಬದಲಾದ ಜಾಗ ಸುಮಾರು 75. ಲೇಖಕ ಬ್ರಾಡ್‌ಬರಿಗೆ ಗೊತ್ತಾಗಿ, ಪೂರ್ತಿ ಪಠ್ಯ ವಾಪಸ್ ಬಂದದ್ದು 1979ರ ಹೊತ್ತಿಗೆ. ಪುಸ್ತಕ ಸುಡುವ ಕತೆಗೇ ಕತ್ತರಿ!

ಠಾಣೆಯಿಂದ, ಮತ್ತೆ:
ಪುಟ ಹಳದಿಯಾಗಿದ್ದರೆ ಬಿಟ್ಟುಬಿಡಬೇಕಾ?

ಡೊಂಬಿವಲಿಯಿಂದ:
ಬೇಡ. ಆ ಕಾಲದ ಅಗ್ಗದ ಕಾಗದದಲ್ಲಿ ಮರದಿಂದ ಬಂದ ಲಿಗ್ನಿನ್ ಅನ್ನುವ ಪದಾರ್ಥ, ಆಮ್ಲ ಎರಡೂ ಇವೆ, ಹಳದಿಯಾಗಲೇಬೇಕು. ಪುಟದ ಮೂಲೆಯನ್ನು ಮೆಲ್ಲಗೆ ಬಗ್ಗಿಸಿ. ಹಪ್ಪಳದ ಹಾಗೆ ಮುರಿದರೆ ಮಾತ್ರ ವಾಪಸ್ ಇಡಿ. ಆಮೇಲೆ ಬೆನ್ನು ನೋಡಿ. ಹಳೇ ಅಂಟು ಒಣಗಿ ಬಿರುಕು ಬಿಟ್ಟಿದ್ದರೆ ನೀವು ಅರ್ಧ ಓದುವಷ್ಟರಲ್ಲಿ ಹಾಳೆಗಳು ಕೈಗೆ ಬರುತ್ತವೆ. ಕೊನೆಯ ಪುಟ ಇದೆಯಾ ಅಂತಲೂ ನೋಡಿ, ತಮಾಷೆ ಅಲ್ಲ.

ಬೂಷ್ಟಿನ ವಾಸನೆ ಬಂದರೆ ಎಷ್ಟೇ ಅಪರೂಪದ್ದಾದರೂ ಬೇಡ, ನಮ್ಮ ಮಳೆಗಾಲದಲ್ಲಿ ಪಕ್ಕದ ಪುಸ್ತಕಗಳಿಗೂ ಹತ್ತುತ್ತದೆ. ಹುಳದ ಅನುಮಾನವಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆಲವು ದಿನ ಫ್ರೀಜರಿನಲ್ಲಿಡಿ. ಹೊರಗೆ ತೆಗೆದ ತಕ್ಷಣ ಚೀಲ ಬಿಚ್ಚಬೇಡಿ, ನೀರು ಕೂರುತ್ತದೆ. ಫ್ರೀಜರಲ್ಲಿ ಜಾಗ ಕೇಳುವಾಗ ಮನೆಯವರ ಮುಖ ನೋಡಬೇಡಿ ಅಷ್ಟೇ.

ಇನ್ನೊಂದು ದಾರಿ ಇದೆ. ನಮ್ಮೂರಲ್ಲಿ ಪೈ ಫ್ರೆಂಡ್ಸ್ ಲೈಬ್ರರಿಯವರು ಪುಸ್ತಕ ಅದಲುಬದಲು ಮಾಡುವ ಕಾರ್ಯಕ್ರಮ ನಡೆಸುತ್ತಾರೆ. ಓದಿ ಮುಗಿಸಿದ ಥ್ರಿಲ್ಲರ್‌ಗಳನ್ನು ಸಾಗಹಾಕಲು ಒಳ್ಳೆ ಜಾಗ.

ಮಾಟುಂಗಾದಿಂದ, ಮತ್ತೆ:
ಪುಣೆಯವರು ಹೇಳಿದ್ದು ಸರಿ. ಆದರೆ ಅಂಗಡಿ ಮುಂದೆ ನಿಂತು ಅನುವಾದಕರ ಹೆಸರು ನೆನಪಿಟ್ಟುಕೊಳ್ಳೋದು ಎಲ್ಲಿ ಸಾಧ್ಯ? ಐಎಸ್‌ಎಫ್‌ಡಿಬಿ ಅಂತ ಒಂದು ಉಚಿತ ಜಾಲತಾಣ ಇದೆ. ಒಂದೊಂದು ಪುಸ್ತಕದ ಆವೃತ್ತಿಗಳು, ವರ್ಷ, ಬೆಲೆ, ಮುಖಪುಟದ ಚಿತ್ರ, ಎಲ್ಲ ಹಾಕಿದ್ದಾರೆ. ಫೋನಲ್ಲಿ ತೆರೆದು ಕೈಯಲ್ಲಿರುವ ಪ್ರತಿಯ ಜೊತೆ ಹೋಲಿಸಿ. ಚೌಕಾಸಿ ಮುಗಿಯುವ ಮುಂಚೆ ಫೋನ್ ತೆಗೆದರೆ ಬೆಲೆ ಏರುತ್ತದೆ, ಸ್ವಲ್ಪ ದೂರ ಹೋಗಿ ನೋಡಿ.

ವೆಲ್ಸ್‌ಗೆ ಮಾತ್ರ ದುಡ್ಡು ಸುರಿಯಬೇಡಿ. ಅವರು ತೀರಿಕೊಂಡದ್ದು 1946ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕ ಸತ್ತು 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಜನ ಕೂತು ತಿದ್ದಿದ ಪಠ್ಯ ಸುಮ್ನೆ ಸಿಗುತ್ತದೆ. ನಿಮಗೆ ಬಂದ ಆ ವೆರ್ನ್, ಸ್ಕ್ಯಾನ್ ಮಾಡಿ ಯಂತ್ರ ಓದಿದ್ದನ್ನು ಯಾರೂ ತಿದ್ದದೆ ಅಚ್ಚಿಗೆ ಕಳಿಸಿದ ಪುಸ್ತಕವಿರಬೇಕು.

ಕಲೀನಾದಿಂದ:
ಕನ್ನಡದ್ದು ಯಾರೂ ಹೇಳಲಿಲ್ಲವಲ್ಲ. ರಾಜಶೇಖರ ಭೂಸನೂರಮಠರಿಂದ ಶುರು ಮಾಡಿ. ಫುಟ್‌ಪಾತಲ್ಲಿ ಕನ್ನಡ ಹುಡುಕಿ ಕಾಲು ನೋಯಿಸಿಕೊಳ್ಳಬೇಡಿ. ಮಾಟುಂಗಾದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ, ಇಲ್ಲಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ, ಇಲ್ಲೆಲ್ಲ ಮೊದಲು ಕೇಳಿ. ಸುಧಾ, ಮಯೂರ, ಕಸ್ತೂರಿಯ ಹಳೇ ಸಂಚಿಕೆ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಬಿಡಬೇಡಿ. ಸ್ಕ್ಯಾನ್ ಸಾಕು ಅನ್ನುವುದಾದರೆ ‘ಪುಸ್ತಕ ಸಂಚಯ’ ಜಾಲತಾಣದಲ್ಲಿ ಹುಡುಕಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಡಿಜಿಟಲ್ ಸಂಗ್ರಹದ ಕನ್ನಡ ಪುಸ್ತಕಗಳೂ ಅಲ್ಲಿ ಕಾಣುತ್ತವೆ. ಕಾಗದದ ಪ್ರತಿಯೇ ಬೇಕಂದರೆ ಊರಿಗೆ ಹೋಗುವವರ ಕೈಯಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಗೆ ಚೀಟಿ ಕಳಿಸಿ. ಚೀಟಿಯಲ್ಲಿ ಪುಸ್ತಕದ ಹೆಸರಿನ ಜೊತೆ ಲೇಖಕರ ಹೆಸರನ್ನೂ ಬರೆದಿರಿ.